ಬಾಡಿಗೆ ಮನೆಯಲ್ಲಿ ಇದ್ದತ್: ಮಾಲೀಕರು, ಬಾಡಿಗೆದಾರರು ಮತ್ತು 130 ದಿನ

ಶಿವಮೊಗ್ಗದ ಒಂದು ಬಡಾವಣೆ. ಮೇಲ್ಮನೆಯಲ್ಲಿ ಮಾಲೀಕರಿದ್ದಾರೆ: ಗಂಡ, ಹೆಂಡತಿ, ವಯಸ್ಸಾದ ಅಜ್ಜಿ. ಹಿಂದೂಗಳು, ಸಸ್ಯಾಹಾರಿಗಳು. ಕೆಳಮನೆಯಲ್ಲಿ ಆರು ವರ್ಷದಿಂದ ಬಾಡಿಗೆಗಿರುವ ಮುಸ್ಲಿಂ ಕುಟುಂಬ. ಗಂಡನದು ಪ್ಲೈವುಡ್ ಅಂಗಡಿ, ಹೆಂಡತಿ ಖಾಸಗಿ ಪ್ರೌಢಶಾಲೆಯಲ್ಲಿ ಟೀಚರ್. ಮಗನಿಗೆ 14, ಮಗಳಿಗೆ 9. ಬಾಡಿಗೆ ತಿಂಗಳಿಗೆ 9,000, ಅಡ್ವಾನ್ಸ್ 90,000. ಕರಾರು ಗಂಡನ ಹೆಸರಲ್ಲಿದೆ, ಮುಗಿಯುವುದು ಜುಲೈ 31ಕ್ಕೆ. ಜೂನ್ 10ರ ರಾತ್ರಿ 11 ಗಂಟೆಗೆ ಗಂಡ ಎದೆನೋವೆಂದವರು ಆಸ್ಪತ್ರೆಗೆ ಹೊರಡುವ ಮೊದಲೇ ತೀರಿಕೊಂಡರು.

ಇದು ಒಂದೇ ಮನೆಯಲ್ಲಿ ನಡೆದದ್ದಲ್ಲ. ನಮ್ಮ ಊರುಗಳಲ್ಲಿ ಇಂಥ ಸಾವಿನ ಹಿಂದೆ ಬರುವ ತೊಡಕುಗಳನ್ನೆಲ್ಲ ಒಂದು ಮನೆಯ ಸುತ್ತ ಸೇರಿಸಿ ಬರೆದಿದ್ದೇವೆ. ಯಾರ ಗುರುತೂ ಸಿಗಬಾರದೆಂದು ಹೆಸರು ಬಿಟ್ಟಿದ್ದೇವೆ. ಸಾವಿನ ರಾತ್ರಿ ನೆರೆಹೊರೆಯವರು ಓಡಿಬರುತ್ತಾರೆ, ಅದರಲ್ಲಿ ನಮ್ಮವರು ಹಿಂದೆ ಬಿದ್ದವರಲ್ಲ. ಆದರೆ ಸಂಬಂಧ ನಿಜವಾಗಿ ಪರೀಕ್ಷೆಗೆ ಒಳಗಾಗುವುದು ಮೂರನೇ ದಿನದ ಆಮೇಲೆ. ವಿಧವೆಗೆ ಆ ಮನೆಯಲ್ಲೇ ನಾಲ್ಕು ತಿಂಗಳು ಹತ್ತು ದಿನದ ಇದ್ದತ್, ಅಂದರೆ ಗಂಡನ ಸಾವಿನ ನಂತರ ಕಾಯುವ ಅವಧಿ, ಕಳೆಯಬೇಕಿರುತ್ತದೆ, ಆ ಮನೆ ಬೇರೆಯವರದ್ದಾಗಿರುತ್ತದೆ.

ಮೊದಲ ಹದಿನೈದು ಗಂಟೆ

ದಫನ್ ತಡ ಮಾಡಬಾರದೆಂಬುದು ಇಸ್ಲಾಮಿನ ನಿಯಮ. ರಾತ್ರಿ 11ಕ್ಕೆ ತೀರಿಕೊಂಡವರನ್ನು ಸಾಮಾನ್ಯವಾಗಿ ಮರುದಿನ ಮಧ್ಯಾಹ್ನದ ಜೊಹರ್ ನಮಾಜಿನ ಬಳಿಕ ಮಣ್ಣು ಮಾಡುತ್ತಾರೆ, ದೂರದವರು ಬರಬೇಕಿದ್ದರೆ ಸಂಜೆಯ ಅಸರ್ ಬಳಿಕ. ಅಷ್ಟರೊಳಗೆ ಆಗಬೇಕಾದ ಕೆಲಸದ ಸರದಿ ಹೀಗೆ: ವೈದ್ಯರನ್ನು ಕರೆಸಿ ಸಾವು ಖಚಿತಪಡಿಸಿಕೊಂಡು ಕಾರಣ ಬರೆಸಿಕೊಳ್ಳುವುದು (ಮನೆಯಲ್ಲಿ ಆದ ಸಾವಿಗೆ ನಮೂನೆ 4ಎ), ಮಸೀದಿಯ ಮುತವಲ್ಲಿಗೆ (ಆಡಳಿತ ನೋಡುವವರಿಗೆ) ತಿಳಿಸುವುದು, ಖಬರಸ್ತಾನದಲ್ಲಿ ಗುಂಡಿ ತೋಡಲು ಹೇಳುವುದು, ಘುಸಲ್ ಮಾಡಿಸುವವರನ್ನು ಕರೆಸುವುದು, ಕಫನ್ (ಶವಕ್ಕೆ ಹೊದಿಸುವ) ಬಟ್ಟೆ ತರುವುದು. ಅಪಘಾತ ಅಥವಾ ಅನುಮಾನದ ಸಾವಾಗಿದ್ದರೆ ಪೊಲೀಸರು, ಮರಣೋತ್ತರ ಪರೀಕ್ಷೆ ಬಂದೇ ಬರುತ್ತದೆ. ಧರ್ಮದ ಕಾರಣ ಹೇಳಿ ಅದನ್ನು ತಪ್ಪಿಸಲಾಗದು; ಬೆಳಿಗ್ಗೆ ಬೇಗ ಮುಗಿಸಿಕೊಡಿ ಎಂದು ಕೇಳಿಕೊಳ್ಳಬಹುದು.

ಇಲ್ಲಿ ಮಾಲೀಕರಿಂದ ಬೇಕಾದದ್ದು ಜಾಗ, ನೀರು ಮತ್ತು ದಾರಿ. ಘುಸಲ್ ಎಂದರೆ ಶವಸ್ನಾನ. ಕೆಳಮನೆಯ ಬಚ್ಚಲು ನಾಲ್ಕಡಿ ಅಗಲ. ಮಸೀದಿಯಿಂದ ತರುವ ಮರದ ಹಲಗೆ ಅಲ್ಲಿ ಹಿಡಿಸುವುದಿಲ್ಲ. ಮಾಲೀಕರು ಕಾರು ನಿಲ್ಲಿಸುವ ಜಾಗ ಖಾಲಿ ಮಾಡಿ, ಮೂರು ಕಡೆ ಬೆಡ್‌ಶೀಟ್ ಕಟ್ಟಲು ಬಿಟ್ಟು, ಮೋಟರ್ ಹಾಕಿ ಟ್ಯಾಂಕ್ ತುಂಬಿಸಿಟ್ಟರು. ಸ್ನಾನಕ್ಕೆ ಎರಡು ಮೂರು ಹಂಡೆ ನೀರು ಸಾಕು, ಆದರೆ ಆಮೇಲೆ ಜಾಗ ತೊಳೆಯಲು, ಬಂದವರು ವಜೂ (ನಮಾಜಿಗೆ ಮುನ್ನ ಕೈಕಾಲು ಮುಖ ತೊಳೆಯುವುದು) ಮಾಡಲು ಸೇರಿ ಟ್ಯಾಂಕ್ ಬರಿದಾಗುವುದುಂಟು. ಬೋರೆ ಎಲೆ ಹಾಕಿ ಕಾಯಿಸಿದ ಬೆಚ್ಚನೆ ನೀರಿನಿಂದ ಬೆಸಸಂಖ್ಯೆಯಲ್ಲಿ, ಸಾಮಾನ್ಯವಾಗಿ ಮೂರು ಸಲ ತೊಳೆಯುತ್ತಾರೆ. ಕೊನೆಯ ನೀರಿಗೆ ಕರ್ಪೂರ. ಹೊಕ್ಕುಳಿಂದ ಮಂಡಿಯವರೆಗೆ ಬಟ್ಟೆ ಮುಚ್ಚಿಯೇ ಇರುತ್ತದೆ. ಗಂಡಸಿಗೆ ಗಂಡಸರೇ ಮಾಡಿಸುವುದು ವಾಡಿಕೆ, ಹೆಂಡತಿ ಬೇಕೆಂದರೆ ಗಂಡನಿಗೆ ಮಾಡಿಸಬಹುದು. ಪರದೆಯೊಳಗೆ ಎಷ್ಟು ಬೇಕೋ ಅಷ್ಟೇ ಜನ. ಮೇಲಿನ ಬಾಲ್ಕನಿಯಿಂದ ಕಾಣುತ್ತದೆ ಎಂಬುದು ಯಾರಿಗೂ ಹೊಳೆಯುವುದಿಲ್ಲ. ಮೇಲ್ಮನೆಯವರು ಅಷ್ಟು ಹೊತ್ತು ಒಳಗಿದ್ದರೆ ಕೇಳದೆಯೇ ದೊಡ್ಡ ಉಪಕಾರ ಮಾಡಿದಂತೆ.

ಗಂಡಸಿಗೆ ಕಫನ್ ಮೂರು ಬಟ್ಟೆ, ಹೆಂಗಸಿಗೆ ಐದು. ಹೊಲಿಗೆಯಿಲ್ಲದ ಬಿಳಿ ಹತ್ತಿ. ನಮಾಜಿನ ಸಜ್ದಾದಲ್ಲಿ (ಹಣೆ ನೆಲಕ್ಕಿಟ್ಟು ಬಾಗುವಾಗ) ನೆಲಕ್ಕೆ ತಾಗುವ ಅಂಗಗಳಿಗೆ ಕರ್ಪೂರ ಹಚ್ಚುತ್ತಾರೆ: ಹಣೆ, ಮೂಗು, ಅಂಗೈ, ಮಂಡಿ, ಪಾದ. ಪ್ರೀತಿಯಿಂದ ಮಾಡಲು ಹೋಗಿ ನೆರೆಯವರು ಎಡವುವುದು ಇಲ್ಲೇ. ತಲೆಯ ಬಳಿ ದೀಪ ಹಚ್ಚುವುದು, ಹಾರ ಹಾಕುವುದು, ಬಾಯಿಗೆ ಅಕ್ಕಿ ಅಥವಾ ನೀರು ಬಿಡುವುದು, ಪಾದ ಮುಟ್ಟಿ ನಮಸ್ಕರಿಸುವುದು ಬೇಡ. ಮುಖದ ಫೋಟೋ ಮೊಬೈಲಿನಲ್ಲಿ ತೆಗೆಯುವುದಂತೂ ಬೇಡವೇ ಬೇಡ. ಮಾತಿಗೆ "ದೇವರು ನಿಮಗೆ ಸಬರ್ (ತಾಳ್ಮೆ) ಕೊಡಲಿ" ಎಂದರೆ ಸಾಕು. ವಾಟ್ಸಾಪಿನಲ್ಲಿ "ಓಂ ಶಾಂತಿ" ಎಂದು ಹಾಕುವ ಬದಲು ಕನ್ನಡದಲ್ಲೇ ಎರಡು ಸಾಲು ಬರೆಯಿರಿ.

ಜನಾಝಾ (ಶವ ಹೊತ್ತ ಮಂಚ) ಎತ್ತುವಾಗ ಹೆಗಲು ಕೊಡಬಹುದೇ ಎಂದು ಮಾಲೀಕರು ಕೇಳಿದರು. ನಮ್ಮ ಕಡೆ ಹಿಂದೂ ನೆರೆಯವರು ಹೆಗಲು ಕೊಡುವುದು ಹೊಸತೇನಲ್ಲ, ಬಹುತೇಕ ಮನೆಯವರಿಗೆ ಅದು ಸಮಾಧಾನದ ಸಂಗತಿಯೇ. ಆದರೂ ಮೃತರ ಅಣ್ಣನನ್ನೋ ಭಾವನನ್ನೋ ಒಂದು ಮಾತು ಕೇಳಿಯೇ ಹೆಗಲು ಕೊಡಬೇಕು. ನಾಲ್ಕು ಹೆಜ್ಜೆಗೊಮ್ಮೆ ಹೆಗಲು ಬದಲಾಗುತ್ತಿರುತ್ತದೆ. ಪಕ್ಕದವರು ಮುಂದೆ ಬಂದರೆ ಬಿಟ್ಟುಕೊಟ್ಟು ಹಿಂದೆ ಸರಿಯಬೇಕು. ಜನಾಝಾ ನಮಾಜಿನಲ್ಲಿ ಬಗ್ಗುವುದಿಲ್ಲ, ನೆಲಕ್ಕೆ ಹಣೆ ಇಡುವುದಿಲ್ಲ. ನಿಂತೇ ನಾಲ್ಕು ತಕ್ಬೀರಿನಲ್ಲಿ ("ಅಲ್ಲಾಹು ಅಕ್ಬರ್" ಎನ್ನುವುದು) ಮುಗಿಯುತ್ತದೆ, ಐದಾರು ನಿಮಿಷ. ಆ ಹೊತ್ತು ಸಾಲುಗಳಿಂದ ಪಕ್ಕಕ್ಕೆ ಸರಿದು ಸುಮ್ಮನೆ ನಿಲ್ಲುವುದು. ಗುಂಡಿಗೆ ಮೂರು ಹಿಡಿ ಮಣ್ಣು ಹಾಕಲು ಕರೆದರೆ ತಲೆಯ ಕಡೆಯಿಂದ ಹಾಕಿ. ಖಬರಸ್ತಾನಕ್ಕೆ ಹೆಂಗಸರು ಹೋಗುವ ವಾಡಿಕೆ ಇಲ್ಲದ ಕಡೆ ಮಾಲೀಕರ ಹೆಂಡತಿ ಮನೆಯಲ್ಲೇ ವಿಧವೆಯ ಪಕ್ಕ ಕೂರಬಹುದು. ಅವರು ಮಾಡಿದ್ದೂ ಅದನ್ನೇ.

ಜನಾಝಾ ಏಳುವ ಮುಂಚೆ ಯಾರೋ ಹಿರಿಯ ಹೆಂಗಸು ವಿಧವೆಯ ಬಳಿ ಬಂದು "ಮೆಹರ್ ಮಾಫ್ ಮಾಡಿದೆ ಅನ್ನು ಬೇಟಿ" ಎನ್ನುವುದುಂಟು. ಮೆಹರ್ ಎಂದರೆ ನಿಕಾಹದಲ್ಲಿ ಗಂಡ ಹೆಂಡತಿಗೆ ಕೊಡಲು ಒಪ್ಪಿದ ಹಣ. ಕೊಡದೆ ಉಳಿಸಿದ್ದರೆ ಅದು ಗಂಡನ ಸಾಲ. ಸತ್ತವನ ಮೇಲೆ ಸಾಲದ ಭಾರ ಉಳಿಯಬಾರದೆಂಬ ಕಳಕಳಿಯಿಂದ ಹುಟ್ಟಿದ ವಾಡಿಕೆ ಇದು, ಆದರೆ ಧರ್ಮದ ನಿಯಮವಲ್ಲ. ಸಾಲ ತೀರಿಸುವ ಸರಿಯಾದ ದಾರಿ ಮೃತನ ಆಸ್ತಿಯಿಂದ ಕೊಡುವುದು. ದುಃಖದ ಆ ಗಳಿಗೆಯಲ್ಲಿ ಹೇಳಿಸಿದ ಮಾಫಿ ಸ್ವಂತ ಇಚ್ಛೆಯದ್ದಲ್ಲ ಎಂದು ನ್ಯಾಯಾಲಯಗಳೂ ಕಂಡಿವೆ. ನೆರೆಯವರು ಇದರಲ್ಲಿ ತಲೆ ಹಾಕುವ ಹಾಗಿಲ್ಲ. ಟೀಚರ ಅಣ್ಣ "ಆಮೇಲೆ ನೋಡೋಣ ಖಾಲಾ" ಎಂದು ಅಲ್ಲಿಗೇ ನಿಲ್ಲಿಸಿದ್ದು ಸರಿಯಾಯಿತು. ನಿಕಾಹನಾಮೆ ತೆಗೆದು ನೋಡಿದಾಗ 25,000 ಬಾಕಿ ಇತ್ತು.

ಊಟ

ಸಾವಿನ ಮನೆಯವರಿಗೆ ಊಟ ಮಾಡಿ ಕಳಿಸುವುದು ಪ್ರವಾದಿಯವರು ಹೇಳಿಕೊಟ್ಟ ರೂಢಿ. 629ರ ಮುತಾ ಕಾಳಗದಲ್ಲಿ ಜಾಫರ್ ತೀರಿಕೊಂಡಾಗ "ಜಾಫರನ ಮನೆಯವರಿಗೆ ಅಡಿಗೆ ಮಾಡಿ, ಅವರು ಅದಕ್ಕೆ ಆಸ್ಪದವಿಲ್ಲದ ಸ್ಥಿತಿಯಲ್ಲಿದ್ದಾರೆ" ಎಂಬ ಅರ್ಥದ ಮಾತು ಹದೀಸಿನಲ್ಲಿ (ಪ್ರವಾದಿಯವರ ನಡೆನುಡಿಗಳ ದಾಖಲೆಯಲ್ಲಿ) ಇದೆ. ಹಾಗಾಗಿ ಸಸ್ಯಾಹಾರಿ ಮನೆಯ ಅನ್ನ-ಸಾರು ಧಾರಾಳವಾಗಿ ನಡೆಯುತ್ತದೆ. "ನಮ್ಮ ಮನೆ ಊಟ ಅವರು ಮುಟ್ಟುತ್ತಾರೋ ಇಲ್ಲವೋ" ಎಂದು ಹಿಂಜರಿಯಬೇಕಿಲ್ಲ. ನೋಡಿಕೊಳ್ಳಬೇಕಾದದ್ದು ಒಂದೇ: ದೇವರಿಗೆ ನೈವೇದ್ಯ ಮಾಡಿದ ಅಡಿಗೆಯನ್ನು ಬಹಳ ಮುಸ್ಲಿಮರು ತಿನ್ನುವುದಿಲ್ಲ. ನೈವೇದ್ಯಕ್ಕೆ ತೆಗೆಯುವ ಮೊದಲೇ ಅವರ ಪಾತ್ರೆ ಬೇರೆ ಮಾಡಿಬಿಟ್ಟರೆ ಆಯಿತು. ಇಪ್ಪತ್ತೈದು ಜನರಿಗೆ ಮೂರು ಕೆಜಿ ಅಕ್ಕಿ, ಒಂದು ಕೆಜಿ ತೊಗರಿಬೇಳೆ, ಒಂದು ಪಲ್ಯ, ಮಜ್ಜಿಗೆ ಸಾಕಾಗುತ್ತದೆ. ಮೊದಲ ದಿನ ಎಲ್ಲರೂ ಕಳಿಸಿ ಅನ್ನ ಹಳಸುತ್ತದೆ, ಮೂರನೇ ದಿನ ಯಾರೂ ಕಳಿಸುವುದಿಲ್ಲ. ಮಸೀದಿಯ ಕಡೆಯ ಹೆಂಗಸರ ಜೊತೆ ಮಾತಾಡಿಕೊಂಡು ಒಂದೊಂದು ಹೊತ್ತು ಹಂಚಿಕೊಳ್ಳುವುದು ಒಳ್ಳೆಯದು. ಮಾಲೀಕರ ಹೆಂಡತಿ ಮೂರು ದಿನವೂ ಬೆಳಗಿನ ಚಹಾ ಮತ್ತು ಉಪ್ಪಿಟ್ಟು ತಮ್ಮ ಪಾಲಿಗೆ ಇಟ್ಟುಕೊಂಡರು. ಬೇರೆ ಯಾರಿಗೂ ಅದು ಹೊಳೆದಿರಲಿಲ್ಲ, ಮಕ್ಕಳಿಗೆ ಬೇಕಾಗಿದ್ದದ್ದು ಅದೇ.

ಮೂರನೇ ದಿನ ಜಿಯಾರತ್ (ಸಮಾಧಿಗೆ ಹೋಗಿ ಪ್ರಾರ್ಥಿಸುವುದು), ಆಮೇಲೆ ಹತ್ತು, ಇಪ್ಪತ್ತು, ನಲವತ್ತರ ಚಹಲಂ ಮಾಡುವ ಮನೆಗಳಿವೆ. ಅದು ಬೇಡ ಎನ್ನುವ ಮನೆಗಳೂ ಅಷ್ಟೇ ಇವೆ. ಒಂದೇ ಬೀದಿಯಲ್ಲಿ ಎರಡೂ ಇರುತ್ತವೆ. "ನಿಮ್ಮಲ್ಲಿ ನಲವತ್ತು ಯಾವಾಗ?" ಎಂದು ಕೇಳುವ ಬದಲು ಕರೆದರೆ ಹೋಗಿ.

ಧನಿಷ್ಠಾ ಪಂಚಕ ಮತ್ತು ಇದ್ದತ್

ನಾಲ್ಕನೇ ದಿನ ಮೇಲ್ಮನೆಯ ಅಜ್ಜಿ ಪಂಚಾಂಗ ತೆಗೆಸಿದರು. ಸಾವು ಧನಿಷ್ಠಾ ಪಂಚಕದ ನಕ್ಷತ್ರದಲ್ಲಿ ಆಗಿದೆ; ಮನೆ ಬಿಟ್ಟು ಬೀಗ ಹಾಕಬೇಕು, ಇಲ್ಲದಿದ್ದರೆ ಮನೆಯವರಿಗೆ ಕೇಡು ಎಂಬುದು ಅವರ ನಂಬಿಕೆ. ಧನಿಷ್ಠಾದಿಂದ ರೇವತಿಯವರೆಗಿನ ಐದು ನಕ್ಷತ್ರಗಳ ಬಗ್ಗೆ ಈ ಭಯ ನಮ್ಮಲ್ಲಿ ಗಟ್ಟಿಯಾಗಿದೆ, ಎಷ್ಟು ತಿಂಗಳು ಎಂಬುದು ಊರಿಗೊಂದು ಲೆಕ್ಕ. ಅದೇ ಹೊತ್ತಿಗೆ ಭದ್ರಾವತಿಯಿಂದ ಬಂದ ಅತ್ತೆ "ಸೊಸೆ ಇದ್ದತ್ ನಮ್ಮ ಮನೆಯಲ್ಲಿ ಕೂರಲಿ" ಎಂದರು. ಎರಡೂ ಕಡೆಯವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಇಬ್ಬರ ಮಾತೂ ನಡೆದಿದ್ದರೆ ಟೀಚರ್ ಮನೆ, ಮಕ್ಕಳ ಶಾಲೆ, ನೌಕರಿ ಮೂರನ್ನೂ ಬಿಟ್ಟು ಹೋಗಬೇಕಾಗುತ್ತಿತ್ತು.

ಇದ್ದತಿನ ಮೂಲ ನಿಯಮವೇ ಇದಕ್ಕೆ ಉತ್ತರ. ಗಂಡ ತೀರಿಕೊಂಡ ಹೆಂಗಸು ನಾಲ್ಕು ತಿಂಗಳು ಹತ್ತು ದಿನ ಕಾಯಬೇಕೆಂದು ಕುರ್‌ಆನಿನ ಎರಡನೇ ಸೂರಾದ (ಅಧ್ಯಾಯದ) 234ನೇ ಆಯತ್ (ವಚನ) ಹೇಳುತ್ತದೆ; ಬಸುರಿಯಾಗಿದ್ದರೆ ಹೆರಿಗೆಯವರೆಗೆ. ಆ ದಿನಗಳನ್ನು ಕಳೆಯಬೇಕಾದದ್ದು ಗಂಡನ ಜೊತೆ ಬಾಳುತ್ತಿದ್ದ ಮನೆಯಲ್ಲೇ. ಅತ್ತೆ ಮನೆಯೂ ಅಲ್ಲ, ತವರೂ ಅಲ್ಲ. ಮಾಲೀಕ ಹೊರಹಾಕಿದರೆ, ಬಾಡಿಗೆ ಕೊಡಲು ಶಕ್ತಿಯಿಲ್ಲದಿದ್ದರೆ ಅಥವಾ ಜೀವಭಯವಿದ್ದರೆ ಬೇರೆ ಕಡೆ ಹೋಗಿ ಉಳಿದ ದಿನ ಪೂರೈಸಬಹುದು. ಅಂದರೆ ಈಕೆ ತನ್ನ ಧರ್ಮದ ವಿಧಿಯನ್ನು ಸರಿಯಾಗಿ ನಡೆಸುವುದು ಮಾಲೀಕರ ಒಂದು ಮಾತಿನ ಮೇಲೆ ನಿಂತಿದೆ. ಮುಸ್ಲಿಂ ವಿಧವೆಗೆ ಅವಸರದಲ್ಲಿ ಬೇರೆ ಬಾಡಿಗೆ ಮನೆ ಸಿಗುವುದು ಎಷ್ಟು ಕಷ್ಟವೆಂದು ಮನೆ ಹುಡುಕಿದವರಿಗೆ ಗೊತ್ತಿದೆ.

ಮಾಲೀಕರ ಹೆಂಡತಿ ಅಜ್ಜಿಯ ನಂಬಿಕೆಯನ್ನು ತಳ್ಳಿಹಾಕಲಿಲ್ಲ, ಅದು ಜಾಣತನ. ಮನೆಯ ಪುರೋಹಿತರನ್ನೇ ಕರೆಸಿ ಇದ್ದದ್ದು ಇದ್ದ ಹಾಗೆ ಹೇಳಿದರು: ಕೆಳಗೆ ವಾಸವಿರುವವರು ಬೇರೆ ಧರ್ಮದವರು, ಅವರಿಗೆ ಈ ದಿನಗಳಲ್ಲಿ ಮನೆ ಬಿಡುವಂತಿಲ್ಲ, ನಮ್ಮ ಮಟ್ಟಿಗೆ ಏನು ಮಾಡಬೇಕು? ಪುರೋಹಿತರು ಮೇಲ್ಮನೆಯಲ್ಲೇ ಪಂಚಕ ಶಾಂತಿ ಮಾಡಿಸಿದರು. ಪುಣ್ಯಾಹದ ನೀರನ್ನು ಮೇಲ್ಮನೆಗೂ ಮೆಟ್ಟಿಲಿಗೂ ಪ್ರೋಕ್ಷಿಸಿದರು, ಕೆಳಮನೆಯ ಹೊಸಿಲು ದಾಟಲಿಲ್ಲ. ಇಲ್ಲಿ ಎಡವುವವರು ಬಹಳ. "ಒಂದೇ ನಿಮಿಷ, ಸ್ವಲ್ಪ ನೀರು ಚಿಮುಕಿಸಿ ಹೋಗ್ತೀವಿ" ಎಂದು ಸಾವಿನ ಮನೆಯ ಬಾಗಿಲು ತಟ್ಟಿದರೆ, ನಿಮ್ಮ ಗಂಡನ ಸಾವು ನಮ್ಮ ಮನೆಗೆ ಮೈಲಿಗೆ ಎಂದು ಹೇಳಿದಂತೆಯೇ ಕೇಳಿಸುತ್ತದೆ.

ಅತ್ತೆಗೆ ಹೇಳಬೇಕಾದವರು ಮಾಲೀಕರಲ್ಲ. ಮಸೀದಿಯ ಹಜರತರಿಂದ (ಧರ್ಮಗುರುಗಳಿಂದ) ಹೇಳಿಸಿದ್ದು ಟೀಚರ ಅಣ್ಣ. ಅತ್ತೆ ಒಪ್ಪಿ, ಮೊದಲ ನಲವತ್ತು ದಿನ ತಾವೇ ಬಂದು ಜೊತೆಗಿದ್ದರು.

ಒಳಗೆ ಏನು ನಡೆಯುತ್ತದೆ, ಹೊರಗಿನವರು ಹೇಗಿರಬೇಕು

ಹೆಂಗಸನ್ನು ಕೋಣೆಯಲ್ಲಿ ಕೂಡಿಹಾಕುತ್ತಾರೆ ಎಂಬುದು ಸುಳ್ಳು. ಆಕೆ ಮನೆಯೆಲ್ಲ ಓಡಾಡುತ್ತಾಳೆ, ಅಂಗಳಕ್ಕೆ ಬರುತ್ತಾಳೆ, ಅಡಿಗೆ ಮಾಡುತ್ತಾಳೆ, ಫೋನಿನಲ್ಲಿ ಮಾತಾಡುತ್ತಾಳೆ. ಬಿಡಬೇಕಾದದ್ದು ಅಲಂಕಾರ: ಒಡವೆ, ಝಗಮಗಿಸುವ ಬಟ್ಟೆ, ಅತ್ತರು, ಸುರ್ಮಾ, ಮೆಹಂದಿ. ಬಿಳಿ ಬಟ್ಟೆಯೇ ಉಡಬೇಕೆಂದಿಲ್ಲ. ಬಳೆ ಒಡೆಯುವುದು, ಕನ್ನಡಿ ನೋಡಬಾರದು, ಆಕಾಶ ನೋಡಬಾರದು ಎಂಬುದೆಲ್ಲ ಊರಿನ ವಾಡಿಕೆ, ಶರೀಅತ್ತಿನ ನಿಯಮವಲ್ಲ. ಆಸ್ಪತ್ರೆಗೆ ಹೋಗಬಹುದು. ಪರಗಂಡಸರ ಮುಂದಿನ ಪರ್ದಾ ಮೊದಲು ಎಷ್ಟಿತ್ತೋ ಅಷ್ಟೇ. ಆದರೂ ಕೆಲವು ಮನೆಗಳಲ್ಲಿ ಈ ದಿನಗಳಲ್ಲಿ ಹೊರಗಿನ ಗಂಡಸರ ಜೊತೆ ಮಾತೇ ಆಡದಿರುವುದುಂಟು; ಅಂಥಲ್ಲಿ ಬಾಡಿಗೆ, ಕರೆಂಟ್ ಬಿಲ್, ನಲ್ಲಿ ರಿಪೇರಿಯ ಮಾತನ್ನು ಮಾಲೀಕರು ಹೆಂಡತಿಯ ಮೂಲಕವೋ ಟೀಚರ ಅಣ್ಣನ ಮೂಲಕವೋ ಮುಟ್ಟಿಸುವುದು ಲೇಸು. ಪ್ಲಂಬರ್ ಬರುವುದಿದ್ದರೆ ಹಿಂದಿನ ದಿನವೇ ಹೇಳಿ, ಮಗ ಮನೆಯಲ್ಲಿರುವ ಹೊತ್ತಿಗೆ ಕರೆಸಬೇಕು.

ಹೆಂಗಸರು ಹೋಗಿ ಕೂತು ಬರಲು ಯಾವ ಅಡ್ಡಿಯೂ ಇಲ್ಲ. ಮಾತಿನಲ್ಲಿ ಒಂದು ಎಚ್ಚರ ಬೇಕು. "ಇನ್ನೂ ಚಿಕ್ಕ ವಯಸ್ಸು, ನಿಮ್ಮಲ್ಲಿ ಮತ್ತೆ ಮದುವೆ ಆಗ್ತಾರಲ್ಲ" ಎಂದು ಸಮಾಧಾನಕ್ಕೆ ಹೇಳಿಬಿಡುತ್ತಾರೆ. ವಿಧವೆಯ ಮದುವೆಗೆ ಇಸ್ಲಾಮಿನಲ್ಲಿ ಅಡ್ಡಿಯಿಲ್ಲ ನಿಜ, ವಿಧವೆ ಅಪಶಕುನ ಎಂಬ ಕಲ್ಪನೆಯೂ ಇಲ್ಲ. ಆದರೆ ಇದ್ದತ್ ನಡೆಯುವಾಗ ಮದುವೆಯ ಪ್ರಸ್ತಾಪವನ್ನು ಬಾಯಿಬಿಟ್ಟು ಮಾಡುವುದೇ ನಿಷಿದ್ಧ. ಆ ಮಾತು ನೋಯಿಸುತ್ತದೆ, ಈ ಹೊತ್ತಿಗೆ ಸಲ್ಲುವುದೂ ಇಲ್ಲ.

ಮಕ್ಕಳಿಗೆ ಇದ್ದತ್ ಇಲ್ಲ. ಗಂಡನನ್ನು ಬಿಟ್ಟರೆ ಬೇರೆ ಯಾರಿಗಾಗಿಯೂ ಮೂರು ದಿನಕ್ಕಿಂತ ಹೆಚ್ಚು ಶೋಕಾಚರಣೆ ಬೇಡ ಎನ್ನುತ್ತದೆ ಹದೀಸು. ನಾಲ್ಕನೇ ದಿನ ಮಗಳು ಮೇಲೆ ಬಂದು ಟಿವಿ ನೋಡಿದರೆ ಅಚ್ಚರಿಪಡಬೇಡಿ, ಕಳಿಸಬೇಡಿ.

ನೌಕರಿಯದು ದೊಡ್ಡ ಗಂಟು. ಇದ್ದತ್ ದಿನಗಳ ಖರ್ಚು ಗಂಡನ ಆಸ್ತಿಯಿಂದ ವಿಧವೆಗೆ ಬೇರೆಯಾಗಿ ಸಿಗುವುದಿಲ್ಲ; ಸಿಗುವುದು ಮೆಹರ್ ಬಾಕಿ ಮತ್ತು ವಾರಸಿನ ಪಾಲು ಮಾತ್ರ. ಈ ಕಾರಣಕ್ಕೇ ಹನಫಿ ಮತದಲ್ಲಿ (ಇಸ್ಲಾಮಿನ ಧರ್ಮಶಾಸ್ತ್ರದ ಒಂದು ಪಂಥ) ಗಂಡನನ್ನು ಕಳೆದುಕೊಂಡ ಹೆಂಗಸು ಹೊಟ್ಟೆಪಾಡಿಗಾಗಿ ಹಗಲು ಹೊರಗೆ ಹೋಗಬಹುದು, ರಾತ್ರಿ ತನ್ನ ಮನೆಯಲ್ಲೇ ಇರಬೇಕು. ತಲಾಕಾದವಳಿಗೆ ಈ ಸಡಿಲಿಕೆ ಇಲ್ಲ, ಏಕೆಂದರೆ ಆಕೆಯ ಇದ್ದತಿನ ಖರ್ಚು ಗಂಡನ ಮೇಲಿರುತ್ತದೆ. ಈ ವ್ಯತ್ಯಾಸ ಮನೆಯ ಹಿರಿಯರಿಗೆ ಎಷ್ಟೋ ಸಲ ಗೊತ್ತಿರುವುದಿಲ್ಲ, "ನಾಲ್ಕು ತಿಂಗಳು ಹೊಸಿಲು ದಾಟಬೇಡ" ಎಂದು ಪಟ್ಟು ಹಿಡಿಯುತ್ತಾರೆ. ವಾದ ಮಾಡಿ ಗೆಲ್ಲುವ ಬದಲು ಮುಫ್ತಿಗಳಿಂದ (ಧರ್ಮಶಾಸ್ತ್ರ ಬಲ್ಲವರಿಂದ) ಬರವಣಿಗೆಯಲ್ಲಿ ಫತ್ವಾ (ಶಾಸ್ತ್ರದ ಅಭಿಪ್ರಾಯ) ತರಿಸಿದರೆ ಬೇಗ ಬಗೆಹರಿಯುತ್ತದೆ. ಪ್ರಶ್ನೆಯನ್ನು ಬಿಡಿಸಿ ಬರೆಯಬೇಕು: ಮನೆಯಲ್ಲಿ ದುಡಿಯುವವರು ಬೇರೆ ಇದ್ದಾರೆಯೇ, ಮಕ್ಕಳು ಎಷ್ಟು, ಬಾಡಿಗೆ ಎಷ್ಟು, ಎಷ್ಟು ದಿನ ರಜೆ ಉಳಿದಿದೆ, ರಜೆ ಮುಗಿದರೆ ಕೆಲಸ ಹೋಗುತ್ತದೆಯೇ, ಶಾಲೆ ಎಷ್ಟು ದೂರ, ಎಷ್ಟು ಗಂಟೆಗೆ ಮನೆ ಸೇರಬಹುದು. ಬರೀ "ಇದ್ದತಿನಲ್ಲಿ ಕೆಲಸಕ್ಕೆ ಹೋಗಬಹುದಾ?" ಎಂದು ಕೇಳಿದರೆ ಬೇಡ ಎಂಬ ಉತ್ತರವೇ ಬರುವ ಸಾಧ್ಯತೆ ಹೆಚ್ಚು. ಕರಾವಳಿಯ ಬ್ಯಾರಿಗಳು, ಭಟ್ಕಳದ ನವಾಯತರು ಶಾಫಿ ಎಂಬ ಇನ್ನೊಂದು ಪಂಥದವರು. ಅಲ್ಲಿನವರು ತಮ್ಮ ಖಾಜಿಯನ್ನೇ ಕೇಳಬೇಕು.

ಟೀಚರ್ ಒಂದು ತಿಂಗಳ ರಜೆಯ ನಂತರ ಶಾಲೆಗೆ ಮರಳಿದರು. ಶಾಲೆಯಲ್ಲಿ ಬೇಕಾಗಿದ್ದ ಸಹಾಯ ಚಿಕ್ಕದು: ಸಂಜೆಯ ವಿಶೇಷ ತರಗತಿ ಬೇಡ, ಪ್ರವಾಸ ಮತ್ತು ವಾರ್ಷಿಕೋತ್ಸವದ ಕೆಲಸ ಬೇಡ, ಹೂವು ಹಿಡಿದು ಅತಿಥಿಗಳನ್ನು ಸ್ವಾಗತಿಸುವ ಸಾಲಿನಲ್ಲಿ ನಿಲ್ಲಿಸುವುದು ಬೇಡ.

ದಿನಗಳ ಲೆಕ್ಕದಲ್ಲೂ ಗೊಂದಲವಾಗುತ್ತದೆ. ಚಾಂದ್ರಮಾಸದ ಮೊದಲ ದಿನವೇ ಸಾವಾಗಿದ್ದರೆ ನಾಲ್ಕು ಚಾಂದ್ರಮಾನ ತಿಂಗಳು, ಮೇಲೆ ಹತ್ತು ದಿನ. ತಿಂಗಳ ನಡುವೆ ಆಗಿದ್ದರೆ ಹನಫಿ ಲೆಕ್ಕದಲ್ಲಿ ಪೂರಾ 130 ದಿನ. ಜೂನ್ 10ರಿಂದ ಎಣಿಸಿದರೆ ಅಕ್ಟೋಬರ್ 18ರ ರಾತ್ರಿಗೆ ಮುಗಿಯುತ್ತದೆ. ಎಣಿಕೆ ಶುರುವಾಗುವುದು ಸಾವಿನ ಗಳಿಗೆಯಿಂದ. ದಫನ್ ಆದ ದಿನದಿಂದಲೋ ಜಿಯಾರತ್ ದಿನದಿಂದಲೋ ಎಣಿಸುವುದು ತಪ್ಪು.

ಕರಾರು ಮತ್ತು ಅಡ್ವಾನ್ಸ್

ಬಾಡಿಗೆದಾರ ತೀರಿಕೊಂಡ ಮಾತ್ರಕ್ಕೆ ಬಾಡಿಗೆ ಹಕ್ಕು ಸಾಯುವುದಿಲ್ಲ, ವಾರಸುದಾರರಿಗೆ ಹೋಗುತ್ತದೆ. ಹಾಗೆಂದು ಕಾಗದ ಹಳೆಯದೇ ಇರಲಿ ಎಂದು ಬಿಟ್ಟರೆ ಗ್ಯಾಸ್, ಶಾಲೆ, ಬ್ಯಾಂಕು ಎಲ್ಲೆಲ್ಲೂ ವಿಳಾಸದ ತೊಂದರೆ. ಜುಲೈ 31ಕ್ಕೆ ಕರಾರು ಮುಗಿಯುವ ಮುಂಚೆಯೇ ಟೀಚರ ಹೆಸರಿಗೆ ಹನ್ನೊಂದು ತಿಂಗಳ ಹೊಸ ಕರಾರು ಬರೆಸಿದರು, ಬಾಡಿಗೆ ಏರಿಸಲಿಲ್ಲ. ಇ-ಸ್ಟಾಂಪ್ ಕಾಗದವನ್ನು ಅಣ್ಣ ತಂದರು, ಸಹಿ ಮನೆಯಲ್ಲೇ ಆಯಿತು.

90,000 ಅಡ್ವಾನ್ಸ್ ಯಾರದ್ದು? ಟೀಚರದ್ದೇ ಎಂದು ಮಾಲೀಕರು ಅಂದುಕೊಂಡಿದ್ದರು. ಅದು ಮೃತರ ಹಣ, ಎಲ್ಲ ವಾರಸುದಾರರಿಗೆ ಸೇರಿದ್ದು. ಮೃತರ ಒಟ್ಟು ಆಸ್ತಿಯಿಂದ ಮೊದಲು ಅಂತ್ಯಕ್ರಿಯೆಯ ಖರ್ಚು, ಆಮೇಲೆ ಸಾಲ (ಮೆಹರ್ ಬಾಕಿ 25,000 ಇದರಲ್ಲೇ ಬರುತ್ತದೆ), ಆಮೇಲೆ ಮೂರನೇ ಒಂದು ಭಾಗ ಮೀರದ ಉಯಿಲು, ಉಳಿದದ್ದು ಪಾಲು. ಮಕ್ಕಳಿರುವುದರಿಂದ ಹೆಂಡತಿಗೆ ಎಂಟನೇ ಒಂದು, ತಾಯಿಗೆ ಆರನೇ ಒಂದು, ಮಿಕ್ಕಿದ್ದರಲ್ಲಿ ಮಗನಿಗೆ ಎರಡು ಪಾಲು, ಮಗಳಿಗೆ ಒಂದು. 72 ಭಾಗ ಮಾಡಿದರೆ ಹೆಂಡತಿಗೆ 9, ತಾಯಿಗೆ 12, ಮಗನಿಗೆ 34, ಮಗಳಿಗೆ 17. ಅಣ್ಣ ತಮ್ಮಂದಿರಿಗೆ ಇಲ್ಲಿ ಪಾಲಿಲ್ಲ, ಮಗ ಇದ್ದಾನೆ. ಸಾಲವೆಲ್ಲ ಅಂಗಡಿಯ ಹಣದಲ್ಲೇ ತೀರಿತೆಂದು ಇಟ್ಟುಕೊಂಡರೆ ಅಡ್ವಾನ್ಸಿನಲ್ಲಿ ಹೆಂಡತಿಯದು 11,250, ತಾಯಿಯದು 15,000, ಮಗನದು 42,500, ಮಗಳದು 21,250.

ಮಕ್ಕಳು ಅಪ್ರಾಪ್ತರು. ಮುಸ್ಲಿಂ ಕಾನೂನಿನಲ್ಲಿ ತಾಯಿ ಮಕ್ಕಳ ಆಸ್ತಿಗೆ ತಾನಾಗಿಯೇ ಪೋಷಕಿಯಾಗುವುದಿಲ್ಲ. ತಂದೆ, ತಂದೆಯ ತಂದೆ ಅಥವಾ ಅವರು ನೇಮಿಸಿದವರು ಯಾರೂ ಇಲ್ಲದಿದ್ದರೆ 1890ರ ಪೋಷಕ ಮತ್ತು ಪಾಲ್ಯ ಕಾಯ್ದೆಯಡಿ ಜಿಲ್ಲಾ ನ್ಯಾಯಾಲಯಕ್ಕೆ ಹೋಗಬೇಕು. ಅಂಗಡಿ, ನಿವೇಶನದಂಥ ಆಸ್ತಿಗೆ ಅದು ಬೇಕೇ ಬೇಕು. ಅಡ್ವಾನ್ಸಿಗೆ ಮಾಲೀಕರು ಸುಲಭದ ದಾರಿ ಹಿಡಿದರು. ಹೊಸ ಕರಾರಿನಲ್ಲಿ ಒಂದು ಕಲಮು ಸೇರಿಸಿದರು: ಈ 90,000 ಮೃತ ಬಾಡಿಗೆದಾರರ ವಾರಸುದಾರರದ್ದು, ಮನೆ ಖಾಲಿ ಮಾಡುವಾಗ ಟೀಚರ್ ಮತ್ತು ಅತ್ತೆ ಇಬ್ಬರ ಸಹಿ ಪಡೆದು, ಮಕ್ಕಳ ಪಾಲನ್ನು ಅವರವರ ಹೆಸರಿನ ಬ್ಯಾಂಕ್ ಖಾತೆಗೆ ಹಾಕುವುದು. ಅತ್ತೆಗೆ ಅದನ್ನು ಓದಿ ಹೇಳಿ ಹೆಬ್ಬೆಟ್ಟು ಹಾಕಿಸಿದರು. ದುಡ್ಡು ಚಿಕ್ಕದು, ಆದರೆ "ಸೊಸೆ ಅಡ್ವಾನ್ಸ್ ನುಂಗಿದಳು" ಎಂಬ ಮಾತು ಹುಟ್ಟುವುದು ಇಂಥ ಚಿಕ್ಕ ದುಡ್ಡಿನಲ್ಲೇ.

ಮರಣ ನೋಂದಣಿ 21 ದಿನದೊಳಗೆ ಆಗಬೇಕು, ಮನೆಯಲ್ಲಿ ಆದ ಸಾವನ್ನು ಮನೆಯವರೇ ತಿಳಿಸಬೇಕು. ಓಡಾಡಿದ್ದು ಟೀಚರ ಅಣ್ಣ ಮತ್ತು ಮಾಲೀಕರು. ಅರ್ಜಿಯಲ್ಲಿ ಮೃತರ ಹೆಸರು ಆಧಾರ್‌ನಲ್ಲಿ ಇದ್ದ ಹಾಗೇ, ಅಕ್ಷರ ಅಕ್ಷರ ತಾಳೆ ನೋಡಿ ಬರೆಯಬೇಕು. ಮೊಹಮ್ಮದ್, ಮಹಮದ್, ಎಂಡಿ ಎಂದು ಒಬ್ಬರ ಹೆಸರೇ ಮೂರು ದಾಖಲೆಯಲ್ಲಿ ಮೂರು ಥರ ಇರುತ್ತದೆ; ಪ್ರಮಾಣಪತ್ರದಲ್ಲಿ ಒಂದು ಸಲ ತಪ್ಪು ಕೂತರೆ ಬ್ಯಾಂಕು, ವಿಮೆ, ಅಂಗಡಿಯ ಪರವಾನಗಿ ಎಲ್ಲವೂ ನಿಲ್ಲುತ್ತವೆ. ಪ್ರಮಾಣಪತ್ರದ ಏಳೆಂಟು ಪ್ರತಿಗಳನ್ನು ಮೊದಲೇ ತೆಗೆಸಿಟ್ಟುಕೊಂಡರೆ ಇದ್ದತಿನ ನಡುವೆ ಟೀಚರ್ ಕಚೇರಿಗಳಿಗೆ ಅಲೆಯುವುದು ತಪ್ಪುತ್ತದೆ. ಖುದ್ದು ಬಂದು ಸಹಿ ಮಾಡಲೇಬೇಕು ಎನ್ನುವ ಬ್ಯಾಂಕಿನ ಕೆಲಸವನ್ನು ಹಗಲು ಹೊತ್ತು ಶಾಲೆಗೆ ಹೋಗಿ ಬರುವ ದಾರಿಯಲ್ಲೇ ಮುಗಿಸಬಹುದು. ಮುಂದಕ್ಕೆ ಹಾಕಬಹುದಾದದ್ದನ್ನು ಅಕ್ಟೋಬರ್ 19ರ ಆಚೆಗೆ ಇಟ್ಟುಕೊಳ್ಳುವುದು ಒಳ್ಳೆಯದು.